ಅವ್ವನ ಅಂಗಾಲು ಮತ್ತು ಐವತ್ತಮೂರು ಮಣಿಗಳ ಸರ

ಕೇಳುಗರಿಗೆ ನಮಸ್ಕಾರ.

ಕಬ್ಬಿನ ಸೋಗೆ ಎಷ್ಟು ಹರಿತ ಅಂತ ಮಂಡ್ಯದ ಕಡೆಯವರಿಗೆ ಹೇಳಬೇಕಾಗಿಲ್ಲ. ತಾಗಿದ್ದೇ ಗೊತ್ತಾಗುವುದಿಲ್ಲ. ಆಮೇಲೆ ನೋಡಿದರೆ ಕೂದಲೆಳೆಯಷ್ಟು ಕೆಂಪು ಗೆರೆ, ಬೆವರು ಬಿದ್ದರೆ ಚುರುಚುರು. ಚಿಕ್ಕವನಿದ್ದಾಗ ಅಳುತ್ತಾ ಬಂದರೆ ಅವ್ವ ಅದರ ಮೇಲೆ ಒಂದಿಷ್ಟು ಉಗುಳು ಸವರಿ, "ಹೋಗು, ವಾಸಿಯಾಗುತ್ತೆ" ಅನ್ನುತ್ತಿದ್ದಳು. ವಾಸಿಯೂ ಆಗುತ್ತಿತ್ತು.

ನೀವು ಹಾಗೆ ಮಾಡಬೇಡಿ, ಬಾಯಲ್ಲಿ ರೋಗಾಣುಗಳೂ ಇರುತ್ತವೆ, ಸೋಪು ನೀರಲ್ಲಿ ತೊಳೆಯುವುದೇ ಸರಿ. ಆದರೆ ಉಗುಳಿನಲ್ಲಿ ಚರ್ಮವನ್ನು ಬೆಳೆಸುವ ಒಂದು ಪ್ರೋಟೀನ್ ಇರುವುದು ನಿಜ. ಅದರ ಹೆಸರು ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಚಿಕ್ಕದಾಗಿ ಇಜಿಎಫ್. ಇವತ್ತು ಅದರ ಬಗ್ಗೆ, ಅದನ್ನು ಮಾಡಿಸುವ ಜೀನ್ ಬಗ್ಗೆ ಮಾತಾಡುತ್ತೇನೆ.

1950ರ ದಶಕದಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸ್ಟ್ಯಾನ್ಲಿ ಕೋಹೆನ್ ಮತ್ತು ರೀಟಾ ಲೆವಿ-ಮೊಂಟಾಲ್ಚಿನಿ ನರಗಳನ್ನು ಬೆಳೆಸುವ ವಸ್ತುವಿನ ಬೆನ್ನು ಹತ್ತಿದ್ದರು. ಇಲಿಯ ಜೊಲ್ಲಿನ ಗ್ರಂಥಿಯ ಸಾರವನ್ನು ಆಗಷ್ಟೇ ಹುಟ್ಟಿದ ಮರಿಗಳಿಗೆ ಚುಚ್ಚಿದರೆ, ಸುಮಾರು ಎರಡು ವಾರಕ್ಕೆ ಕಣ್ಣು ಬಿಡಬೇಕಾದ ಮರಿಗಳು ಒಂದೇ ವಾರಕ್ಕೆ ಬಿಟ್ಟವು. ಹಲ್ಲೂ ಬೇಗ ಬಂತು. ನರಕ್ಕೂ ಕಣ್ಣಿನ ರೆಪ್ಪೆಗೂ ಏನು ಸಂಬಂಧ? ಕೋಹೆನ್ ಈ ಪ್ರಶ್ನೆಯನ್ನು ಬಿಡಲಿಲ್ಲ. 1962ರ ಹೊತ್ತಿಗೆ ಆ ಪ್ರೋಟೀನನ್ನು ಬೇರ್ಪಡಿಸಿದರು. 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆ ಪುಟ್ಟ ಮರಿಗಳ ಕಣ್ಣನ್ನು ಅಷ್ಟು ಗಮನವಿಟ್ಟು ನೋಡಿದರಲ್ಲ, ನನಗೆ ಅದೇ ದೊಡ್ಡದು ಅನ್ನಿಸುತ್ತದೆ.

ನಮ್ಮಲ್ಲಿ ಈ ಜೀನ್ ಇರುವುದು 4ನೇ ಕ್ರೋಮೋಸೋಮಿನಲ್ಲಿ. ಅದು ಮೊದಲು ಮಾಡಿಸುವುದು 1,207 ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಉದ್ದನೆಯ ಸರ. ಕೆಲಸಕ್ಕೆ ಬರುವುದು ಅದರಿಂದ ಕತ್ತರಿಸಿ ತೆಗೆದ 53 ಮಣಿಗಳ ತುಂಡು ಮಾತ್ರ. ಉದ್ದ ಜಲ್ಲೆಯಿಂದ ಕಣ್ಣಿರುವ ಬಿತ್ತನೆ ತುಂಡು ಕತ್ತರಿಸಿಕೊಳ್ಳುತ್ತೇವಲ್ವಾ, ಹಾಗೆ.

ಈ ತುಂಡು ಚರ್ಮದ ಜೀವಕೋಶದ ಮೇಲಿರುವ ಗ್ರಾಹಕಕ್ಕೆ, ಅಂದರೆ ಹೊರಗಿನ ಸುದ್ದಿ ಹಿಡಿಯುವ ರಿಸೆಪ್ಟರ್‌ಗೆ, ಹೋಗಿ ಕೂರುತ್ತದೆ. ಎರಡು ಗ್ರಾಹಕಗಳು ಜೋಡಿಯಾಗುತ್ತವೆ, ಕೋಶದ ಒಳಕ್ಕೆ ಸುದ್ದಿ ಮುಟ್ಟುತ್ತದೆ: ಎರಡಾಗು, ಮುಂದೆ ಸರಿ. ಗಾಯದ ಅಂಚಿನ ಕೋಶಗಳು ನಡುವಿನ ಕಡೆ ಸರಿಯುತ್ತಾ ಬರುತ್ತವೆ. ಗಾಯ ಮುಚ್ಚುವುದು ಅಂದರೆ ಇದೇ.

ಇದನ್ನೆಲ್ಲ ನಾನು ಕೂತು ಓದಿದ್ದು ಅವ್ವನಿಗೋಸ್ಕರ. ಅವಳಿಗೆ ಶುಗರ್ ಬಂದು ವರ್ಷಗಳಾಗಿದ್ದವು, ಪಾದ ಜೋಮು ಹಿಡಿದಂತಿರುತ್ತಿತ್ತು. ಚಪ್ಪಲಿಯೊಳಗೆ ಎದ್ದ ಮೊಳೆ ಚುಚ್ಚಿದ್ದು ಅವಳಿಗೆ ತಿಳಿಯಲೇ ಇಲ್ಲ, ತೊಳೆದ ನೆಲದ ಮೇಲೆ ರಕ್ತದ ಹೆಜ್ಜೆ ಕಂಡಾಗಲೇ ನಾವು ಓಡಿದ್ದು. ನಾಲ್ಕು ತಿಂಗಳು ಗಾಯ ಮಾಯಲಿಲ್ಲ. ಮೊದಲು ಹೋದ ಕಡೆ ಬರೀ ಪಟ್ಟಿ ಬದಲಿಸಿ ಕಳಿಸುತ್ತಿದ್ದರು. ಎರಡನೇ ಡಾಕ್ಟರು ಸತ್ತ ಚರ್ಮ ತೆಗೆದರು, ಕಾಲಿನ ರಕ್ತ ಓಡಾಟ ನೋಡಿದರು, ಶುಗರ್ ಹತೋಟಿಗೆ ತಂದರು, ಕಾಲು ಊರಲೇಬೇಡಿ ಅಂದರು. ಆಮೇಲೆ ಒಂದು ಜೆಲ್ ಬರೆದುಕೊಟ್ಟರು. ಅದರೊಳಗಿದ್ದದ್ದು ಇಜಿಎಫ್! ಮನುಷ್ಯರ ಜೀನನ್ನೇ ಸೂಕ್ಷ್ಮಜೀವಿಯೊಳಗೆ ಸೇರಿಸಿ ತಯಾರಿಸಿದ್ದು.

ದೇಹದಲ್ಲೇ ಇರುವಾಗ ಹೊರಗಿನಿಂದ ಯಾಕೆ ಅಂತ ಕೇಳಿದೆ. ಹಳೆಯ ಗಾಯದಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳು ಜಾಸ್ತಿ, ಇಜಿಎಫ್ ಕೆಲಸ ಮಾಡುವ ಮೊದಲೇ ಅದನ್ನು ಹಾಳುಮಾಡುತ್ತವೆ ಅಂದರು. ಜೆಲ್ ಒಂದರಿಂದಲೇ ಎಲ್ಲ ಆಗುವುದಿಲ್ಲ, ಉಳಿದ ಆರೈಕೆ ಇಲ್ಲದೆ ಅದು ಸುಮ್ನೆ ದಂಡ ಅಂತಲೂ ಹೇಳಿದರು.

ಈ ಪ್ರೋಟೀನಿನ ಕೆಲಸ ಚರ್ಮಕ್ಕೇ ಮುಗಿಯಲಿಲ್ಲ. ಮೂತ್ರಪಿಂಡದಲ್ಲೂ ಇದು ತಯಾರಾಗುತ್ತದೆ, ಮೆಗ್ನೀಸಿಯಂ ಮೂತ್ರದಲ್ಲಿ ಸೋರಿ ಹೋಗದಂತೆ ತಡೆಯುತ್ತದೆ. ಈ ಜೀನ್ ಮಾಡಿಸುವ ಉದ್ದನೆಯ ಸರದಲ್ಲಿ ಒಂದೇ ಒಂದು ಮಣಿ ಬದಲಾದ ಇಬ್ಬರು ಅಕ್ಕತಂಗಿಯರ ರಕ್ತದಲ್ಲಿ ಮೆಗ್ನೀಸಿಯಂ ತೀರಾ ಕಡಿಮೆಯಾಗಿತ್ತು, ಕಾರಣ ಇದೇ ಅಂತ 2007ರಲ್ಲಿ ಗೊತ್ತಾಯಿತು.

ಇನ್ನೊಂದು ಮುಖವೂ ಇದೆ. ಗ್ರಾಹಕವೇ ಕೆಟ್ಟು, ಇಜಿಎಫ್ ಬರದಿದ್ದರೂ "ಎರಡಾಗು, ಎರಡಾಗು" ಅನ್ನುತ್ತಲೇ ಇದ್ದರೆ? ಶ್ವಾಸಕೋಶದ ಕೆಲವು ಕ್ಯಾನ್ಸರ್‌ಗಳಲ್ಲಿ ಆಗುವುದು ಅದೇ. ಆ ಗ್ರಾಹಕದ ಬಾಯಿ ಮುಚ್ಚಿಸುವ ಔಷಧಿಗಳು ಈಗ ಇವೆ. ಅವುಗಳಲ್ಲಿ ಕೆಲವನ್ನು ಕೊಟ್ಟಾಗ ರೋಗಿಯ ಮೆಗ್ನೀಸಿಯಂ ಇಳಿಯುತ್ತದೆ, ಆ ಅಕ್ಕತಂಗಿಯರಿಗೆ ಆದ ಹಾಗೆಯೇ. ಇಜಿಎಫ್ ಕೋಶಗಳಿಗೆ "ಎರಡಾಗು" ಅನ್ನುವುದರಿಂದಲೇ ಕ್ಯಾನ್ಸರ್ ಇರುವ ಜಾಗಕ್ಕೆ ಅದರ ಜೆಲ್ ಹಚ್ಚಬಾರದು, ಅಂಗಡಿಯಿಂದ ತಾವೇ ತಂದು ಹಚ್ಚಿಕೊಳ್ಳಲೂಬಾರದು.

ಅವ್ವನ ಗಾಯ ನಿಧಾನವಾಗಿ ಮಾಯಿತು. ಮೊದಲು ಅಂಚಿನಲ್ಲಿ ಈರುಳ್ಳಿಯ ಒಳಪೊರೆಯಷ್ಟು ತೆಳು ಚರ್ಮ ಕಂಡಿತು. ವಾರ ವಾರಕ್ಕೂ ಅದು ಒಳಗೆ ಸರಿಯಿತು. ಈಗ ಅಲ್ಲಿ ರೂಪಾಯಿಯಗಲದ ಬಿಳಿ ಕಲೆ ಇದೆ. ಸಂಜೆ ದೀಪ ಹಚ್ಚಿದ ಮೇಲೆ ಅವಳು ಗೋಡೆಗೆ ಒರಗಿ ಕೂರುತ್ತಾಳೆ, ಕೈಗನ್ನಡಿಯನ್ನು ಅಂಗಾಲ ಕೆಳಗೆ ಹಿಡಿಯುತ್ತಾಳೆ. ಅವಳಿಗೆ ಕಣ್ಣು ಮಂಜು, ಹಾಗಾಗಿ ಬೆರಳ ಸಂದುಗಳನ್ನು ನಾನು ನೋಡುತ್ತೇನೆ.

ನಮಸ್ಕಾರ.