ಬೆರೆಸುವುದು ಬೇರೆ, ಮಾಗಿಸುವುದು ಬೇರೆ

ನಮಸ್ಕಾರ. ಅಮೆರಿಕದ ಬರ್ಬನ್ ವಿಸ್ಕಿ ಇಟ್ಟಿದ್ದ ಪೀಪಾಯಿಯಲ್ಲಿ ಮಾಗಿಸಿದ ಮೇಪಲ್ ಸಿರಪ್ (ಮೇಪಲ್ ಮರದ ರಸದ ಸಿಹಿ ಪಾಕ) ಕುರಿತ ನಮ್ಮ ಹಿಂದಿನ ಸಂಚಿಕೆಯನ್ನು ನೋಡಿದ ವೀಕ್ಷಕರೊಬ್ಬರು, ಮಾಮೂಲಿ ಸಿರಪ್ಪಿಗೆ ಎರಡು ಚಮಚ ಬರ್ಬನ್ ಬೆರೆಸಿದರೆ ಅದೇ ರುಚಿ ಬರುತ್ತದೆ, ಪೀಪಾಯಿಯ ಹೆಸರಿಗೆ ಹಣ ಏಕೆ ಸುರಿಯಬೇಕು ಎಂದು ಕೇಳಿದ್ದಾರೆ. ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಬೆರೆಸುವುದು ಬೇರೆ, ಮಾಗಿಸುವುದು ಬೇರೆ. ಇಂದಿನ ಸಂಚಿಕೆಯಲ್ಲಿ ನಾನು ಹೇಳಲಿರುವುದು ಇದೊಂದನ್ನೇ.

ಮೊದಲು ಆ ಸಿರಪ್ ಹುಟ್ಟುವ ಬಗೆಯನ್ನು ನೋಡಿ. ಅಮೆರಿಕದ ವರ್ಮಾಂಟಿನಲ್ಲಿಯೂ ಕೆನಡಾದ ಕ್ವಿಬೆಕ್‌ನಲ್ಲಿಯೂ ಚಳಿಗಾಲ ಹಿಂಜರಿಯುವ ಹೊತ್ತಿನಲ್ಲಿ, ರಾತ್ರಿ ನೀರು ಹೆಪ್ಪುಗಟ್ಟಿ ಹಗಲು ಕರಗುವ ಕೆಲವೇ ವಾರಗಳಲ್ಲಿ, ಮೇಪಲ್ ಮರಕ್ಕೆ ತೂತು ಕೊರೆದು ರಸ ಇಳಿಸುತ್ತಾರೆ. ಆ ರಸದಲ್ಲಿ ಸಕ್ಕರೆ ಇರುವುದು ಸುಮಾರು ಶೇ. 2 ಮಾತ್ರ, ನಮ್ಮ ಕಬ್ಬಿನ ಹಾಲಿನ ಮುಂದೆ ಅದು ಬರೀ ನೀರು. ಅದನ್ನು ಶೇ. 66ರ ಹದಕ್ಕೆ ಕುದಿಸಿ ಇಳಿಸಬೇಕಾದರೆ ಒಂದು ಲೀಟರ್ ಸಿರಪ್ಪಿಗೆ ಸುಮಾರು 40 ಲೀಟರ್ ರಸ ಬೇಕು. 200 ಲೀಟರ್ ಹಿಡಿಯುವ ಒಂದು ಪೀಪಾಯಿಗೆ 8,000 ಲೀಟರ್! ಇಷ್ಟು ಬೆವರು ಹರಿಸಿದವರು, ಎರಡು ಚಮಚದಲ್ಲಿ ಮುಗಿಯುವ ಕೆಲಸಕ್ಕಾಗಿ, ಸರಕನ್ನು ಮಾರದೆ ತಿಂಗಳುಗಟ್ಟಲೆ ಮೂಲೆಯಲ್ಲಿ ಇಡುತ್ತಾರೆಯೇ?

ಇನ್ನು ಪೀಪಾಯಿ. ಬರ್ಬನ್ ಎಂಬ ಹೆಸರು ಸಿಗಬೇಕಾದರೆ ಅದನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿಯೇ ಇಡಬೇಕು ಎಂಬುದು ಅಮೆರಿಕದ ಕಾನೂನು. ಆದ್ದರಿಂದ ಒಮ್ಮೆ ಬರಿದಾದ ಪೀಪಾಯಿ ಮತ್ತೆ ಬರ್ಬನ್‌ಗೆ ಸಲ್ಲುವುದಿಲ್ಲ. ಅದು ಸ್ಕಾಟ್ಲೆಂಡಿನ ವಿಸ್ಕಿಗೋ ಬಿಯರಿಗೋ ಮೇಪಲ್ ಸಿರಪ್ಪಿಗೋ ಹೋಗುತ್ತದೆ. ಸುಟ್ಟ ಕರಿಯ ಕೆಳಗಿನ ಪದರದಲ್ಲಿ ಮರದ ಸಕ್ಕರೆ ಕಂದುಗಟ್ಟಿರುತ್ತದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತು ಒಡೆದು ವೆನಿಲಿನ್, ಅಂದರೆ ವೆನಿಲಾ ಕಾಯಿಯ ಪರಿಮಳದ ಮೂಲವಸ್ತು, ಹುಟ್ಟಿರುತ್ತದೆ. ಬೇಸಿಗೆಯಲ್ಲಿ ಮರದೊಳಕ್ಕೆ ಇಳಿದು ಚಳಿಗಾಲದಲ್ಲಿ ಹೊರಬರುತ್ತ ವರ್ಷಗಟ್ಟಲೆ ಓಡಾಡಿದ ಬರ್ಬನ್, ಪೀಪಾಯಿ ಬರಿದಾದ ಮೇಲೂ ಆ ಹಲಗೆಗಳಲ್ಲಿ ಲೀಟರುಗಟ್ಟಲೆ ಉಳಿದಿರುತ್ತದೆ. ಸಿರಪ್ಪಿಗೆ ಸೇರುವುದು ಮರದ ಒಡಲಲ್ಲಿ ಕುಳಿತ ಈ ಸಾರ.

ಸಿರಪ್ ದಪ್ಪ; ಅದರಲ್ಲಿ ನೀರು ಕಡಿಮೆ, ಆಲ್ಕೋಹಾಲ್ ಇಲ್ಲವೇ ಇಲ್ಲ. ಆದ್ದರಿಂದ ಅದು ಮರದ ಸಾರವನ್ನು ನಿಧಾನವಾಗಿಯೇ ಎಳೆದುಕೊಳ್ಳುತ್ತದೆ. ಪೀಪಾಯಿ ಈಗಷ್ಟೇ ಬರಿದಾಗಿ ಹಸಿಯಾಗಿರಬೇಕು. ಒಣಗಲು ಬಿಟ್ಟರೆ ಹಲಗೆ ಕುಗ್ಗಿ ಸಂದುಗಳಿಂದ ಸೋರುತ್ತದೆ. ಮಾಗಿದ ಸಿರಪ್ಪನ್ನು ಸೋಸಿ, ಮತ್ತೆ ಕಾಯಿಸಿ, ಬಿಸಿಯಾಗಿರುವಾಗಲೇ ಬಾಟಲಿಗೆ ತುಂಬುವಾಗ ಮದ್ಯದ ಘಾಟು ಇಳಿದು ಓಕ್ ಮರದ ಪರಿಮಳ ನಿಲ್ಲುತ್ತದೆ. ನಿಮ್ಮ ಎರಡು ಚಮಚದ ಮಿಶ್ರಣದಲ್ಲಿ ಮೂಗಿಗೆ ಮೊದಲು ಬಡಿಯುವುದೇ ಆ ಘಾಟು, ಮೇಲಾಗಿ ಸಿರಪ್ ತೆಳುವಾಗುತ್ತದೆ. ಬೆರೆಸುವುದು ಬೇರೆ, ಸ್ವಾಮಿ, ಮಾಗಿಸುವುದು ಬೇರೆ!

ಕಣ್ಣು ಕಟ್ಟಿ ರುಚಿ ತೋರಿಸಿದರೆ ಯಾರಿಗೂ ವ್ಯತ್ಯಾಸ ತಿಳಿಯದು ಎನ್ನುವವರೂ ಇದ್ದಾರೆ. ಹಾಗಾದರೆ ಮಾವಿನ ಮಿಡಿಯನ್ನು ಭರಣಿಗೆ ಹಾಕಿದ ದಿನವೇ ತೆಗೆದು ಎಲೆಗೆ ಬಡಿಸಿ, ಉಪ್ಪಿನಕಾಯಿ ಎಂದು ಯಾರು ಒಪ್ಪುತ್ತಾರೋ ನೋಡೋಣ. ಉಪ್ಪು ಅದೇ, ಖಾರ ಅದೇ, ಮಿಡಿ ಅದೇ. ಕುಳಿತ ಕಾಲ ಮಾತ್ರ ಇಲ್ಲ. ಇದನ್ನು ನಮ್ಮವರಿಗೇ ಬಿಡಿಸಿ ಹೇಳಬೇಕಾಯಿತಲ್ಲ ಎಂಬುದೇ ನನಗೆ ನೋವಿನ ಸಂಗತಿ.

ನಮ್ಮ ವಾಹಿನಿಗೆ ಇನ್ನೂ ಚಂದಾದಾರರಾಗದವರು ದಯವಿಟ್ಟು ಆಗಿ. ಇಂತಹ ವಿಷಯವನ್ನು ಕನ್ನಡದಲ್ಲಿ ಇಷ್ಟು ವಿವರವಾಗಿ ಮಾತನಾಡಲು ನಿಮ್ಮ ಬೆಂಬಲ ಬೇಕು. ಅಂಗಡಿಯಲ್ಲಿ ಬಾಟಲಿ ಕೈಗೆತ್ತಿಕೊಂಡಾಗ ಹಿಂಬದಿಯ ಚೀಟಿಯನ್ನು ಓದಿ. "ಬರ್ಬನ್ ಸ್ವಾದ" ಎಂದಷ್ಟೇ ಇದ್ದರೆ, ಯಾವ ಪೀಪಾಯಿ, ಎಷ್ಟು ತಿಂಗಳು ಎಂದು ಕೇಳಿ. ಉತ್ತರ ಬಾರದಿದ್ದರೆ ಬಾಟಲಿಯನ್ನು ಇದ್ದಲ್ಲಿಯೇ ಇಟ್ಟು ಬನ್ನಿ. ಆ ವೀಕ್ಷಕರಿಗೂ ನಾನು ಕೈಮುಗಿದು ಹೇಳುವುದು ಅದೇ: ಬೆರೆಸಿ, ಬೇಡವೆನ್ನುವುದಿಲ್ಲ, ಆದರೆ ಅದನ್ನು ಮಾಗಿಸಿದ್ದು ಎಂದು ಮಾತ್ರ ಕರೆಯಬೇಡಿ.