ಲಿಯೋನ್‌ನಲ್ಲಿ ಬಾಗಿಲು ತಳ್ಳಿ ನೋಡಿ

ಈ ಬಾಗಿಲು ನೋಡಿ. ಫ್ರಾನ್ಸಿನ ಲಿಯೋನ್ ನಗರ, ಸ್ಯಾಂ ಝಾಂ ರಸ್ತೆ, 54ನೇ ನಂಬರ್. ಐಸ್‌ಕ್ರೀಮ್ ತಿನ್ನುತ್ತಾ ಜನ ಸಾಲುಸಾಲಾಗಿ ಹೋಗುತ್ತಿದ್ದಾರೆ, ಒಬ್ಬರೂ ಈ ಕಡೆ ತಿರುಗುತ್ತಿಲ್ಲ. ಯಾರದೋ ಮನೆ ಬಾಗಿಲು, ನಮಗ್ಯಾಕೆ ಅನ್ನಿಸುತ್ತದೆ ಅಲ್ವಾ? ನಾನೂ ನಿನ್ನೆ ಹಾಗೇ ಅಂದುಕೊಂಡು ಮುಂದೆ ಹೋಗಿದ್ದೆ. ಇವತ್ತು ತಳ್ಳಿದೆ. ತೆರೆದುಕೊಂಡಿತು.

ಒಳಗೆ ತಣ್ಣಗಿದೆ. ಕಲ್ಲಿನ ಕಮಾನಿನ ಓಣಿ, ಅದು ಮುಗಿದರೆ ಒಂದು ಸಣ್ಣ ಅಂಗಳ, ತಲೆ ಎತ್ತಿದರೆ ಕರವಸ್ತ್ರದಷ್ಟು ಆಕಾಶ. ಮತ್ತೆ ಓಣಿ, ಮತ್ತೆ ಅಂಗಳ. ಹೀಗೆ ಐದು ಕಟ್ಟಡ, ನಾಲ್ಕು ಅಂಗಳ ದಾಟಿ ಹೊರಗೆ ಬಂದರೆ ನಾವು ಇನ್ನೊಂದು ಬೀದಿಯಲ್ಲಿ ಇರುತ್ತೇವೆ, ಬೆಫ್ ರಸ್ತೆಯ 27ನೇ ನಂಬರಿನಲ್ಲಿ. ಇದಕ್ಕೆ ಇಲ್ಲಿಯವರು ಟ್ರಾಬೂಲ್ ಅನ್ನುತ್ತಾರೆ. ಹಳೇ ಊರಿನಲ್ಲಿ ಇದೇ ಎಲ್ಲಕ್ಕಿಂತ ಉದ್ದದ್ದು.

ಯಾಕೆ ಹೀಗೆ ಕಟ್ಟಿದರು? ಒಂದು ಕಡೆ ಸೋನ್ ನದಿ, ಇನ್ನೊಂದು ಕಡೆ ಫೂರ್ವಿಯೇರ್ ಗುಡ್ಡ, ನಡುವೆ ಇರುವುದು ಕಿರಿದಾದ ಪಟ್ಟಿ. ಬೀದಿಗಳೆಲ್ಲ ನದಿಯ ಜೊತೆಗೇ ಉದ್ದಕ್ಕೆ ಹೋಗುತ್ತವೆ, ಅಡ್ಡರಸ್ತೆ ಬಹಳ ಕಡಿಮೆ. ಹಾಗಾಗಿ ಮನೆಗಳ ಹೊಟ್ಟೆಯೊಳಗೇ ದಾರಿ ಬಿಟ್ಟರು.

ಈ ಬೀದಿಗಳಲ್ಲಿ ದುಡ್ಡಿದ್ದವರು ಬ್ಯಾಂಕಿನವರು, ವ್ಯಾಪಾರಿಗಳು. ಇಟಲಿಯಿಂದ ಬಂದು ನೆಲೆ ನಿಂತವರೂ ತುಂಬಾ ಜನ. ದುಡ್ಡನ್ನು ಬೀದಿಗೆ ಕಾಣುವ ಹಾಗೆ ಇಡಲಿಲ್ಲ, ಅಂಗಳದಲ್ಲಿ ಇಟ್ಟರು. ಜ್ವಿವೆರಿ ರಸ್ತೆಯ 8ನೇ ನಂಬರ್‌ಗೆ ಬನ್ನಿ, ಇದನ್ನು ನಿಧಾನವಾಗಿ ತೋರಿಸಬೇಕು. 1536ರಲ್ಲಿ ಇದೇ ಊರಿನ ಹುಡುಗ ಫಿಲಿಬೇರ್ ದ ಲೋರ್ಮ್ ರೋಮ್ ನೋಡಿಕೊಂಡು ವಾಪಸ್ ಬಂದು ಮಾಡಿದ ಕೆಲಸ. ಎರಡು ಕಟ್ಟಡ ಸೇರಿಸಬೇಕು, ಆದರೆ ಅಂಗಳದ ಜಾಗ ತಿನ್ನಬಾರದು. ಅವನು ಮೇಲೆ ಒಂದು ಮೊಗಸಾಲೆ ಕಟ್ಟಿದ, ಎರಡೂ ತುದಿಗೆ ಒಂದೊಂದು ಪುಟ್ಟ ಗೋಪುರ ಇಟ್ಟ, ಕೆಳಗೆ ಕಂಬವೇ ಇಲ್ಲ! ಆ ಗೋಪುರದ ಅಡಿ ನೋಡಿ, ಗೋಡೆಯ ಮೂಲೆಯಿಂದ ಕಲ್ಲುಗಳು ಬೀಸಣಿಗೆ ಬಿಚ್ಚಿದ ಹಾಗೆ ಮುಂದಕ್ಕೆ ಬಂದು ಅಷ್ಟೂ ಭಾರ ಹೊತ್ತಿವೆ. ಸುಮಾರು ಐನೂರು ವರ್ಷದಿಂದ. ನಾನು ಇಲ್ಲಿ ಸುಮ್ನೆ ಅರ್ಧ ಗಂಟೆ ನಿಂತಿದ್ದೆ.

ಹಳೇ ಊರನ್ನು ಸೀಳಿಕೊಂಡು ದೊಡ್ಡ ರಸ್ತೆ ಹಾಕುವ ಯೋಚನೆಯೂ ಒಂದು ಕಾಲಕ್ಕೆ ಇತ್ತು. ಊರಿನವರು ಬಿಡಲಿಲ್ಲ. 1964ರಲ್ಲಿ ಇದು ಫ್ರಾನ್ಸಿನ ಮೊದಲ ಸಂರಕ್ಷಿತ ಪ್ರದೇಶವಾಯಿತು, 1998ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಈಗ ನದಿ ದಾಟಿ ಕ್ರ್ವಾ ರೂಸ್ ಗುಡ್ಡ ಹತ್ತೋಣ. ನಾನು ಈ ಊರಿಗೆ ಬಂದಿದ್ದೇ ಇದಕ್ಕೆ.

ನಮ್ಮ ಅಜ್ಜಿ ಮನೆ ದೊಡ್ಡಬಳ್ಳಾಪುರ. ಆ ಬೀದಿಯಲ್ಲಿ ಮಗ್ಗದ ಸದ್ದು ಇಲ್ಲದ ಮನೆ ಇರಲಿಲ್ಲ. ಮಗ್ಗದ ಮೇಲೆ ಜಕಾರ್ಡ್, ಅದರಲ್ಲಿ ತೂತು ಹೊಡೆದ ರಟ್ಟಿನ ಕಾರ್ಡುಗಳ ಮಾಲೆ ಮೇಲೆ ಕೆಳಗೆ ತಿರುಗುತ್ತಿರುತ್ತಿತ್ತು. ಸೆರಗಿನಲ್ಲಿ ನವಿಲು ಬರಬೇಕಾ, ಹೂ ಬರಬೇಕಾ ಅಂತ ಹೇಳುವುದು ಆ ತೂತುಗಳೇ. ಜಕಾರ್ಡ್ ಅಂದರೆ ಬರೀ ಯಂತ್ರದ ಹೆಸರು ಅಂದುಕೊಂಡೇ ಬೆಳೆದೆ ನಾನು. ಅದೊಬ್ಬ ಮನುಷ್ಯನ ಹೆಸರು. ಜೋಸೆಫ್ ಮರಿ ಜಕಾರ್ಡ್, 1752ರಲ್ಲಿ ಹುಟ್ಟಿದ್ದು ಇದೇ ಲಿಯೋನ್‌ನಲ್ಲಿ. ಈ ಚೌಕದಲ್ಲಿ ಪ್ರತಿಮೆಯಾಗಿ ನಿಂತಿದ್ದಾನಲ್ಲ, ಅವನೇ.

ಆ ಮಗ್ಗ ಬಂದ ಮೇಲೆ ಮನೆಯೇ ಬದಲಾಯಿತು. ಮಗ್ಗ ತುಂಬಾ ಎತ್ತರ, ಹಾಗಾಗಿ ಇಲ್ಲಿಯ ಮನೆಗಳ ಚಾವಣಿ ನಾಲ್ಕು ಮೀಟರಿನಷ್ಟು ಮೇಲೆ. ನೂಲಿನ ಬಣ್ಣ ಕಾಣಬೇಕಲ್ಲ, ಅದಕ್ಕೇ ಇಷ್ಟುದ್ದದ ಕಿಟಕಿ. ಮಗ್ಗಕ್ಕೆ ಜಾಗ ಕೊಟ್ಟು ಮನೆಯವರು ಅಟ್ಟದ ಮೇಲೆ ಮಲಗುತ್ತಿದ್ದರು. ಹೊರಗಿನಿಂದ ನೋಡಿದರೆ ಒಂದೇ ಥರದ ಗೋಡೆಗಳು, ಅಲಂಕಾರ ಏನೂ ಇಲ್ಲ. ನನ್ನ ಕಣ್ಣಿಗೆ ಮಾತ್ರ ಇವೇ ಜಾಸ್ತಿ ಚಂದ, ಯಾಕೆಂದರೆ ಇಲ್ಲಿ ಪ್ರತಿ ಅಳತೆಗೂ ಒಂದು ಕಾರಣ ಇದೆ.

ಪ್ಲಾಸ್ ಕೋಲ್ಬೇರ್, 9ನೇ ನಂಬರ್. ಒಳಗೆ ಹೋಗಿ. ಇದು ಕೂರ್ ದೆ ವೊರಾಸ್. ಆರು ಅಂತಸ್ತಿನ ಕಲ್ಲಿನ ಮೆಟ್ಟಿಲು, ಮರೆಯೇ ಇಲ್ಲದೆ ಅಂಗಳಕ್ಕೆ ಬಿಚ್ಚಿಕೊಂಡು ಆ ಕಡೆ ಈ ಕಡೆ ಹತ್ತುತ್ತಾ ಹೋಗುತ್ತದೆ. ಕೆಳಗಿನ ಮೆಟ್ಟಿಲಿನ ಅಂಚು ಕೈಯಲ್ಲಿ ಮುಟ್ಟಿದೆ, ಸವೆದು ನುಣ್ಣಗಾಗಿದೆ. ಇಲ್ಲಿಯ ರೇಷ್ಮೆ ನೇಕಾರರಿಗೆ ಕಾನ್ಯು ಅಂತ ಹೆಸರು. ಮಳೆಗೆ ನೆನೆಯದ ಹಾಗೆ ಬಟ್ಟೆ ಸಾಗಿಸಲು ಇಂಥ ದಾರಿಗಳು ಅವರಿಗೆ ಅನುಕೂಲವಾಗಿದ್ದವು ಅನ್ನುತ್ತಾರೆ. 1831ರಲ್ಲಿ ನೇಯ್ಗೆಗೆ ಕನಿಷ್ಠ ದರ ಕೊಡಿ ಅಂತ ಕೇಳಿದರು, ಒಪ್ಪಿದ ದರವನ್ನೂ ಕೆಲವು ವ್ಯಾಪಾರಿಗಳು ಕೊಡಲಿಲ್ಲ, ನೇಕಾರರು ಬೀದಿಗೆ ಇಳಿದರು. 1834ರಲ್ಲಿ ಮತ್ತೆ. ಎರಡು ಸಲವೂ ಸೈನ್ಯ ಬಂತು. ಇದನ್ನು ಓದುವಾಗ ನನಗೆ ಕೂಲಿ ಲೆಕ್ಕಕ್ಕೆ ಅಂತ ತಾತ ಇಡುತ್ತಿದ್ದ ಸಣ್ಣ ನೋಟ್‌ಬುಕ್ ನೆನಪಾಯಿತು.

ಒಂದು ಮಾತು. ಈ ಬಾಗಿಲುಗಳ ಹಿಂದೆ ಈಗಲೂ ಜನ ಇದ್ದಾರೆ. ಎಷ್ಟೋ ಟ್ರಾಬೂಲ್‌ಗಳು ಹಗಲು ಹೊತ್ತು ತೆರೆದಿರುವುದು ನಗರಸಭೆ ಮತ್ತು ಮನೆಯವರು ಮಾಡಿಕೊಂಡ ಒಪ್ಪಂದದಿಂದ. ದಯವಿಟ್ಟು ಸದ್ದು ಮಾಡದೆ ಹೋಗಿ ಬನ್ನಿ. ಬಾಗಿಲು ತೆರೆಯದಿದ್ದರೆ ಬಿಟ್ಟುಬಿಡಿ.

ಕೊನೆಗೆ ಮೆಜೋಂ ದೆ ಕಾನ್ಯು, ಕೈಮಗ್ಗದಲ್ಲಿ ನೇಯ್ದು ತೋರಿಸುವ ಜಾಗ. ಮಗ್ಗದ ಸದ್ದಿಗೆ ಇಲ್ಲಿ ಒಂದು ಹೆಸರೇ ಇದೆ, ಬಿಸ್ತಾಂಕ್ಲಾಕ್. ಲಾಳಿ ಓಡಿತು, ಮೇಲೆ ಕಾರ್ಡು ತಿರುಗಿತು, ನನಗೆ ಕಣ್ಣಲ್ಲಿ ನೀರು ಬಂತು. ಅಲ್ಲೇ ನಿಂತು ಅಜ್ಜಿಗೆ ಫೋನ್ ಮಾಡಿ ಮಗ್ಗದ ಹತ್ತಿರ ಹಿಡಿದೆ. "ಯಾರ ಮನೇದೋ ಇದು, ಇಷ್ಟು ನಿಧಾನ ಓಡಿಸ್ತಾರೆ?" ಅಂದರು ಅಜ್ಜಿ.

ನಾನು ಇಲ್ಲಿಗೆ ಮಾತು ನಿಲ್ಲಿಸುತ್ತೇನೆ. ನೀವು ಸದ್ದು ಕೇಳಿ.