ನೀರು ಹೊರಗೆ ಬಂತೇ? ಜೆಟ್ ಬೋಟ್ ಎಂಜಿನ್‌ಗೆ ಚಳಿಗಾಲದ ತಯಾರಿ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಐಡಾಹೋ, ಮೊಂಟಾನಾ, ಮಿನೆಸೋಟಾ ಕಡೆ ನೆಲೆಸಿ ಬೇಸಿಗೆಯಲ್ಲಿ ಹೊಳೆಗೆ ಜೆಟ್ ಬೋಟ್ ಇಳಿಸುವ ಕನ್ನಡಿಗರಿಗಾಗಿ ಈ ಹತ್ತು ನಿಮಿಷ. ಮಲ್ಪೆ, ಕಾರವಾರದಲ್ಲಿ ಬೋಟ್ ನೋಡಿ ಬೆಳೆದವರಿಗೆ ನೀರಿನಿಂದ ಎಂಜಿನ್ ತುಕ್ಕು ಹಿಡಿಯುವುದು ಗೊತ್ತು. ಅದೇ ನೀರು ಹೆಪ್ಪುಗಟ್ಟಿ ಬೀಡು ಕಬ್ಬಿಣವನ್ನು ಸೀಳುತ್ತದೆ ಎನ್ನುವುದು ಅಲ್ಲಿ ಯಾರ ತಲೆಗೂ ಬರಬೇಕಾಗಿಲ್ಲ. ಇಲ್ಲಿ ಬರಲೇಬೇಕು. ಆದ್ದರಿಂದ ಇವತ್ತು ನಾನು ಹೇಳುವುದು ಒಂದೇ ಮಾತು: ಎಂಜಿನ್ ಒಳಗಿನ ನೀರು ಹೊರಗೆ ಬರಬೇಕು. ಬಂದದ್ದನ್ನು ನೀವು ಕಣ್ಣಾರೆ ನೋಡಬೇಕು.

ನೀರು ಮಂಜುಗಡ್ಡೆಯಾದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಫ್ರೀಜರ್‌ನಲ್ಲಿಟ್ಟು ಮರೆತ ಸೋಡಾ ಬಾಟಲಿಗೆ ಏನಾಗುತ್ತದೋ ಬ್ಲಾಕ್‌ಗೂ, ಅಂದರೆ ಎಂಜಿನ್‌ನ ಎರಕದ ಒಡಲಿಗೂ, ಅದೇ ಆಗುತ್ತದೆ. ಬ್ಲಾಕ್‌ನ ಪಕ್ಕದಲ್ಲಿ ಗುಂಡಗಿನ ತೆಳು ಮುಚ್ಚಳಗಳಿವೆಯಲ್ಲ, ಫ್ರೀಜ್ ಪ್ಲಗ್ ಎನ್ನುತ್ತಾರೆ, ಮಂಜುಗಡ್ಡೆಯಾದರೆ ಅವೇ ಹಾರಿಹೋಗಿ ಎಂಜಿನ್ ಉಳಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ದಯವಿಟ್ಟು ನಂಬಬೇಡಿ. ಎರಕ ಹೊಯ್ದ ಮೇಲೆ ಒಳಗಿನ ಮರಳು ತೆಗೆಯಲು ಬಿಟ್ಟ ತೂತುಗಳ ಮುಚ್ಚಳ ಅವು. ಎಷ್ಟೋ ಸಲ ಅವು ಜಾಗದಲ್ಲೇ ಕೂತಿರುತ್ತವೆ, ಬ್ಲಾಕ್ ಪಕ್ಕದಲ್ಲಿ ಸೀಳಿರುತ್ತದೆ. ವಸಂತದಲ್ಲಿ ಡಿಪ್‌ಸ್ಟಿಕ್ ಎಳೆದಾಗ ಎಣ್ಣೆ ಬೆಳ್ಳಗೆ ನೊರೆಗಟ್ಟಿರುತ್ತದೆ. ಅಲ್ಲಿಗೆ ಹೊಸ ಎಂಜಿನ್ನೇ ಗತಿ.

ಜೆಟ್ ಬೋಟ್‌ಗೆ ಈ ಅಪಾಯ ಯಾಕೆ ಹೆಚ್ಚು ಎಂದು ತಿಳಿಯಬೇಕಾದರೆ ಅದು ಹುಟ್ಟಿದ ಜಾಗಕ್ಕೇ ಹೋಗಬೇಕು. ನನಗೆ ಬಹಳ ಇಷ್ಟವಾದ ಕಥೆ ಇದು. ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದಲ್ಲಿ ಮೆಕೆಂಜಿ ಎಂಬ ಸೀಮೆ. ಅಲ್ಲಿ ಐರಿಷ್‌ಮನ್ ಕ್ರೀಕ್ ಎನ್ನುವ ಕುರಿ ಫಾರ್ಮಿನ ಯಜಮಾನ ಬಿಲ್ ಹ್ಯಾಮಿಲ್ಟನ್. ಆ ಕಡೆಯ ನದಿಗಳು ಹತ್ತಾರು ಕವಲಾಗಿ ಗುಂಡುಕಲ್ಲುಗಳ ಮೇಲೆ ತೆಳ್ಳಗೆ ಹರಿಯುತ್ತವೆ. ಪ್ರೊಪೆಲ್ಲರ್ ಹಾಕಿದರೆ ಮೊದಲ ಕಲ್ಲಿಗೇ ಮುರಿಯುತ್ತದೆ. ತಳದಿಂದ ನೀರು ಹೀರಿ ಪಂಪಿನಿಂದ ಹಿಂದಕ್ಕೆ ಚಿಮ್ಮಿಸಿ ಬೋಟ್ ಓಡಿಸುವ ಯೋಚನೆ ಆತನಿಗಿಂತ ಹಳೆಯದು. ಹ್ಯಾಮಿಲ್ಟನ್ ಮಾಡಿದ ಮುಖ್ಯ ಬದಲಾವಣೆ ಒಂದು: ಮೊದಲ ಯಂತ್ರಗಳಲ್ಲಿ ನೀರಿನೊಳಗೇ ಇದ್ದ ನಾಜಲನ್ನು, ಅಂದರೆ ನೀರು ಚಿಮ್ಮುವ ಬಾಯನ್ನು, 1954ರ ಹೊತ್ತಿಗೆ ನೀರಿನ ಮಟ್ಟದಿಂದ ಮೇಲಕ್ಕೆ, ಬೋಟ್‌ನ ಹಿಂಬದಿಗೆ ತಂದ. ತಳದ ಕೆಳಗೆ ಚಾಚಿಕೊಂಡಿದ್ದ ಭಾಗವೂ ಹೋಯಿತು, ವೇಗವೂ ಏರಿತು. 1960ರಲ್ಲಿ ಆತನ ಬೋಟ್‌ಗಳು ಗ್ರ್ಯಾಂಡ್ ಕ್ಯಾನ್ಯನ್‌ನ ಕೊಲೊರಾಡೋ ನದಿಯಲ್ಲಿ ಪ್ರವಾಹಕ್ಕೆ ಎದುರಾಗಿ, ಮೇಲ್ಮುಖವಾಗಿ ಹೋದವು. ಮಗ ಜಾನ್ ಹ್ಯಾಮಿಲ್ಟನ್ ಚಾಲಕರಲ್ಲೊಬ್ಬ. ಕೆಳಮುಖವಾಗಿ ಹೋಗುವುದಕ್ಕೇ ಜನ ಹೆದರುವ ಹೊಳೆ ಅದು! 1974ರಲ್ಲಿ ಬಿಲ್ ಹ್ಯಾಮಿಲ್ಟನ್‌ಗೆ ನೈಟ್ ಪದವಿ ಬಂತು. ಎಷ್ಟು ಹೇಳಿದರೂ ಕಡಿಮೆಯೇ.

ಈಗ ವಿಷಯಕ್ಕೆ ಬರೋಣ. ತೆಳು ನೀರಿನಲ್ಲಿ ಓಡುವ ಪಂಪು ನೀರಿನ ಜೊತೆ ಮರಳನ್ನೂ ಹೀರುತ್ತದೆ. ಅದೇ ಪಂಪಿನ ಒತ್ತಡದಿಂದ ಸಣ್ಣ ಹೋಸಿನಲ್ಲಿ ನೀರು ಎಂಜಿನ್ ತಂಪು ಮಾಡಲು ಹೋಗುತ್ತದೆ. ದಾರಿಯಲ್ಲಿ ಮರಳು ಸೋಸುವ ಡಬ್ಬಿ ಇದ್ದರೂ ನುಣ್ಣನೆಯ ಹೂಳು ಒಳಗೆ ಸೇರಿ, ಬ್ಲಾಕಿನ ತಳದಲ್ಲಿ, ಸರಿಯಾಗಿ ಡ್ರೈನ್ ಪ್ಲಗ್‌ನ ಹಿಂದೆ ಕೂರುತ್ತದೆ. ನೀವು ಪ್ಲಗ್ ಬಿಚ್ಚುತ್ತೀರಿ, ಒಂದು ಹನಿಯೂ ಬರುವುದಿಲ್ಲ. 'ಓ, ಖಾಲಿಯಾಗಿದೆ' ಎಂದು ಪ್ಲಗ್ ತಿರುಗಿಸಿ ಮನೆಗೆ ಹೋಗುತ್ತೀರಿ. ಎಂಜಿನ್‌ಗಳು ಸಾಯುವುದು ಇಲ್ಲೇ. ಹನಿ ಬರಲಿಲ್ಲ ಎಂದರೆ ತೂತು ಕಟ್ಟಿದೆ ಎಂದೇ ಅರ್ಥಮಾಡಿಕೊಳ್ಳಿ. ಬಟ್ಟೆ ಹ್ಯಾಂಗರ್‌ನ ಗಟ್ಟಿ ತಂತಿ ತೆಗೆದುಕೊಂಡು ಒಳಗೆ ಚುಚ್ಚಿ, ತಿರುಗಿಸಿ. ಮೊದಲು ಕಂದು ಕೆಸರು ತೊಟ್ಟಿಕ್ಕುತ್ತದೆ, ಆಮೇಲೆ ಒಮ್ಮೆಲೇ ನೀರು ಭುಸ್ಸೆಂದು ಮೊಣಕೈವರೆಗೆ ಹಾರುತ್ತದೆ. ಅದು ನಿಂತ ಮೇಲೂ ಇನ್ನೊಮ್ಮೆ ಚುಚ್ಚಿ.

ಹೊಳೆಯ ಬೋಟ್‌ಗಳಲ್ಲಿ ಸಾಮಾನ್ಯವಾದ 5.7 ಲೀಟರ್ ವಿ-8 ಎಂಜಿನ್ನನ್ನೇ ಇಟ್ಟುಕೊಳ್ಳೋಣ. ಎಂಜಿನ್ ತೊಳೆಯಲು ನೀರು ಬಿಡುವ ಫ್ಲಶ್ ಪೋರ್ಟಿಗೆ ಮನೆಯ ಹೋಸ್ ಜೋಡಿಸಿ. ಮೊದಲು ಎಂಜಿನ್ ಸ್ಟಾರ್ಟ್, ತಕ್ಷಣ ನಲ್ಲಿ. ನಿಲ್ಲಿಸುವಾಗ ಮೊದಲು ನಲ್ಲಿ, ತಕ್ಷಣ ಎಂಜಿನ್. ಈ ಕ್ರಮ ತಪ್ಪಿದರೆ ನೀರು ಎಕ್ಸಾಸ್ಟ್ ಮೂಲಕ ಹಿಂದಕ್ಕೆ ಹೋಗಿ ಸಿಲಿಂಡರ್ ತುಂಬುತ್ತದೆ. ಎಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್, ಅಂದರೆ ಬಿಸಿಗೆ ತೆರೆಯುವ ನೀರಿನ ವಾಲ್ವ್, ತೆರೆಯುವವರೆಗೆ ಓಡಿಸಿ, ಆ ಬಿಸಿಯಲ್ಲೇ ಆಯಿಲ್, ಫಿಲ್ಟರ್ ಬದಲಾಯಿಸಿ. ಹಳೆಯ ಎಣ್ಣೆಯಲ್ಲಿರುವ ಆಮ್ಲ, ತೇವ ಚಳಿಗಾಲವಿಡೀ ಬೇರಿಂಗ್ ತಿನ್ನುವುದು ಬೇಡ.

ಆಮೇಲೆ ಟ್ರೇಲರ್‌ನ ಮುಂಭಾಗವನ್ನು ಸ್ವಲ್ಪ ಎತ್ತಿ. ಬ್ಲಾಕಿಗೆ ಎಡಕ್ಕೊಂದು, ಬಲಕ್ಕೊಂದು ಪ್ಲಗ್ ಇದೆ, ಆಯಿಲ್ ಪ್ಯಾನ್‌ಗಿಂತ ಸ್ವಲ್ಪ ಮೇಲೆ. ಕೆಲವು ಎಂಜಿನ್‌ಗಳಲ್ಲಿ ಒಂದು ಕಡೆ ಪ್ಲಗ್ ಜಾಗದಲ್ಲಿ ನಾಕ್ ಸೆನ್ಸರ್ ಇರುತ್ತದೆ, ಅದನ್ನೇ ಬಿಚ್ಚಬೇಕು. ಎರಡು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳ ಪ್ಲಗ್, ಮುಂದಿನ ನೀರಿನ ಪಂಪಿನ ದಪ್ಪ ಹೋಸಿನ ಕೆಳತುದಿ, ಆಯಿಲ್ ಕೂಲರ್, ಮರಳು ಡಬ್ಬಿ, ಜೆಟ್‌ನಿಂದ ಎಂಜಿನ್‌ಗೆ ಬರುವ ಹೋಸ್, ಇವೆಲ್ಲದರಿಂದಲೂ ನೀರು ಬರಬೇಕು. ಹೋಸ್ ಜೋತುಬಿದ್ದ ಕಡೆ ಒಂದು ಲೋಟ ನೀರು ನಿಂತಿದ್ದರೂ ಕೈಯಲ್ಲಿ ಎತ್ತಿ ಸುರಿಸಿ.

ಇದಾದ ಮೇಲೆ, ಇದಾದ ಮೇಲೆ ಮಾತ್ರ, ಗುಲಾಬಿ ಬಣ್ಣದ ಆಂಟಿಫ್ರೀಜ್, ಅಂದರೆ ಚಳಿಗೆ ಸುಲಭವಾಗಿ ಹೆಪ್ಪುಗಟ್ಟದ ದ್ರವ. ನೀರು ಖಾಲಿ ಮಾಡದೆ ಬಕೆಟ್‌ನಿಂದ ಆಂಟಿಫ್ರೀಜ್ ಹೀರಿಸುವುದು ಈ ದೇಶದಲ್ಲಿ ಬಹಳ ಜನರ ಅಭ್ಯಾಸ. ಥರ್ಮೋಸ್ಟಾಟ್ ಮುಚ್ಚಿದ್ದರೆ ಅದು ಬ್ಲಾಕಿಗೆ ಹೋಗುವುದೇ ಇಲ್ಲ. ಎಕ್ಸಾಸ್ಟ್‌ನಲ್ಲಿ ಗುಲಾಬಿ ಕಂಡು ನೀವು ಸಮಾಧಾನಪಡುತ್ತೀರಿ, ಬ್ಲಾಕಿನ ತುಂಬ ಹೊಳೆ ನೀರೇ ಇರುತ್ತದೆ. ಹೋದರೂ ನೀರು ಬೆರೆತು ತೆಳುವಾಗುತ್ತದೆ. ಡಬ್ಬದ ಮೇಲಿನ 'ಮೈನಸ್ 50 ಫ್ಯಾರನ್‌ಹೀಟ್' ಎಂಬ ಅಂಕಿ ಅದನ್ನು ನೀರು ಬೆರೆಸದೆ ಹಾಕಿದಾಗ ಪೈಪ್ ಒಡೆಯದಿರುವ ಮಿತಿ. ಅದು ಮಂಜಿನ ಕೆಸರಾಗುವುದು ಅದಕ್ಕಿಂತ ಎಷ್ಟೋ ಮೊದಲೇ. ಮಿನೆಸೋಟಾದವರು ಮೈನಸ್ 100ರದ್ದನ್ನೇ ತನ್ನಿ. ಥರ್ಮೋಸ್ಟಾಟ್ ಮನೆಯಿಂದ ಹೊರಡುವ ದಪ್ಪ ಹೋಸ್ ಬಿಚ್ಚಿ, ಪ್ಲಗ್‌ಗಳನ್ನು ಹಾಕಿ, ಅಲ್ಲಿಂದ ಸುರಿಯಿರಿ. ಪ್ರೊಪಿಲೀನ್ ಗ್ಲೈಕಾಲ್ ಎಂದು ಬರೆದಿರುವುದನ್ನೇ ಕೊಳ್ಳಿ. ಕಾರಿನಲ್ಲಿ ಹಾಕುವ ಎಥಿಲೀನ್ ಗ್ಲೈಕಾಲ್ ನಾಯಿ, ಬೆಕ್ಕಿಗೆ ವಿಷ.

ಯಮಾಹಾ ಬೋಟ್ ಇರುವವರು ಬಹಳ ಫೋನ್ ಮಾಡುತ್ತಾರೆ. ನಿಮ್ಮ ಎಂಜಿನ್‌ನ ನೀರು ಹೆಚ್ಚಾಗಿ ತಾನೇ ಇಳಿಯುತ್ತದೆ. ನಲ್ಲಿ ನಿಲ್ಲಿಸಿ ಹತ್ತು ಹದಿನೈದು ಸೆಕೆಂಡು ಥ್ರಾಟಲ್ ಒತ್ತಿ ಒತ್ತಿ ಬಿಟ್ಟು ಎಕ್ಸಾಸ್ಟಿನ ನೀರು ಹೊರಗೆಸೆಯಿರಿ, ಅದಕ್ಕಿಂತ ಹೆಚ್ಚು ಒಣಗಿ ಓಡಿಸಬೇಡಿ. ಸೀ-ಡೂ ಆದರೆ ಎಂಜಿನ್‌ನಲ್ಲಿ ಕೂಲಂಟ್ ಇರುತ್ತದೆ, ಆದರೆ ಎಕ್ಸಾಸ್ಟಿಗೂ ಇಂಟರ್‌ಕೂಲರಿಗೂ ಹೊಳೆ ನೀರೇ ಹೋಗುತ್ತದೆ. ಅಲ್ಲೂ ನೀರು ತೆಗೆಯಲೇಬೇಕು.

ಸಮಯ ಮುಗಿಯುತ್ತಿದೆ, ಬೇಗ ಹೇಳುತ್ತೇನೆ. ಪೆಟ್ರೋಲಿಗೆ ಸ್ಟೆಬಿಲೈಸರನ್ನು ಡಬ್ಬದ ಮೇಲಿನ ಅಳತೆಯಂತೆ ಹಾಕಿ, ಫ್ಲಶ್ ಮಾಡುವ ಮೊದಲೇ, ಆಗ ಅದು ಇಂಜೆಕ್ಟರ್‌ವರೆಗೂ ತಲುಪುತ್ತದೆ. ಜೆಟ್‌ನ ಬೇರಿಂಗ್ ಎಣ್ಣೆ ಬೆಳ್ಳಗಾಗಿದ್ದರೆ ಸೀಲ್ ಹೋಗಿದೆ, ಅಲ್ಲೂ ನೀರು ಹೆಪ್ಪುಗಟ್ಟುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಮನೆಯೊಳಗಿಡಿ. ಚಾರ್ಜ್ ಇಳಿದದ್ದು ಸಣ್ಣ ಚಳಿಗೇ ಒಡೆಯುತ್ತದೆ. ಬೋಟ್ ತಳದ ಪ್ಲಗ್ ಬಿಚ್ಚಿ, ಚೀಲದಲ್ಲಿ ಹಾಕಿ ಸ್ಟೀರಿಂಗ್‌ಗೇ ಕಟ್ಟಿಡಿ. ಮೇ ತಿಂಗಳಲ್ಲಿ ಬೋಟ್ ಇಳಿಸುವ ಮೊದಲು ಅದು ಕಣ್ಣಿಗೆ ಬೀಳಬೇಕು.

ನಮಸ್ಕಾರ.